ಗಾಲಿಯೊಳಗಿನ ಗಾಳಿ

ಹಳೆಯ ಸಣ್ಣ ಕಾರೊಂದಕ್ಕೆ ಯಾವ ಟೈರು ಹಾಕಬೇಕೆಂಬುದು ಬಾನುಲಿಯಲ್ಲಿ ಮಾತನಾಡಬೇಕಾದ ವಿಷಯವೆ ಎಂದು ಕೇಳುಗರಲ್ಲಿ ಕೆಲವರಿಗಾದರೂ ಅನ್ನಿಸಬಹುದು. ಕನ್ನಡ ಅಧ್ಯಾಪಕನೊಬ್ಬ ಅದನ್ನು ಎತ್ತಿಕೊಂಡಿದ್ದಾನೆಂದರೆ ಸಂಶಯ ಇನ್ನೂ ಬಲಿಯುತ್ತದೆ. ಆದರೆ ಬಹುಕಾಲ ಎಂ.ಎ. ತರಗತಿಗಳಲ್ಲಿ ಗ್ರಂಥಸಂಪಾದನೆಯ ಪಾಠ ಹೇಳಿದ ನನಗೆ ಈ ಪ್ರಶ್ನೆ ಅಪರಿಚಿತವೆನಿಸಲಿಲ್ಲ. ಓಲೆಯ ಗರಿ ಪುಡಿಯಾಗುತ್ತಿದೆ, ಕಾವ್ಯ ಉಳಿಯಬೇಕು; ಪ್ರತಿ ಮಾಡುವವನು ಯಾವುದನ್ನು ಇದ್ದಂತೆಯೇ ಇಡಬೇಕು, ಯಾವುದನ್ನು ಬದಲಿಸಬಹುದು? ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿ ಪರೀಕ್ಷೆ ಬರೆದವರೆಲ್ಲರೂ ಈ ಇಕ್ಕಟ್ಟನ್ನು ಬಲ್ಲರು. ಹಳೆಯ ಕಾರಿನಲ್ಲಿ ಓಲೆಗರಿಯ ಸ್ಥಾನ ಟೈರಿನದು. ಎಂಜಿನ್ನು ಐವತ್ತು ವರ್ಷ ಬಾಳೀತು, ತಗಡು ಬಾಳೀತು, ಗಾಜು ಇನ್ನೂ ಹೆಚ್ಚು ಬಾಳೀತು. ರಬ್ಬರು ಬಾಳುವುದಿಲ್ಲ. ಕಾರು ಷೆಡ್ಡಿನಲ್ಲಿ ನಿಂತೇ ಇದ್ದರೂ ಗಾಳಿ, ಬಿಸಿಲು, ಕಾಲ ಮೂರೂ ಸೇರಿ ಅದನ್ನು ಒಣಗಿಸಿ ಬಿರುಕುಬಿಡಿಸುತ್ತವೆ. ಮೂಲದ ಟೈರನ್ನೇ ಉಳಿಸಿಕೊಂಡ ಹಳೆಯ ಕಾರು ವಸ್ತುಸಂಗ್ರಹಾಲಯದಲ್ಲಿ ನಿಂತಿರಬಹುದೇ ಹೊರತು ರಸ್ತೆಯಲ್ಲಿ ಓಡಲಾರದು.

ನನ್ನ ಮುಂದೆ ಈ ಪ್ರಶ್ನೆಯನ್ನು ತಂದಿಟ್ಟದ್ದು 1976ರ ಒಂದು ಪ್ರೀಮಿಯರ್ ಪದ್ಮಿನಿ. ನನ್ನ ಮಾವನವರು ಕೊಂಡದ್ದು. ಅವರು ತೀರಿಕೊಂಡ ಮೇಲೆ ಹಾಸನದಿಂದ ಬಿಳೇಕಹಳ್ಳಿಯ ನಮ್ಮ ಮನೆಗೆ ಬಂತು. ಸ್ಟೀರಿಂಗಿನ ಪಕ್ಕದಲ್ಲಿ ಗೇರು, ಹದಿನಾಲ್ಕು ಅಂಗುಲದ ಉಕ್ಕಿನ ಗಾಲಿಗಳು, ನಡುವೆ ಬೆಳ್ಳಿಬಟ್ಟಲಿನಂತೆ ಹೊಳೆಯುವ ವೀಲ್ ಕಪ್ಪುಗಳು. ಟೈರಿನ ಪಕ್ಕೆಗಳಲ್ಲಿ ಮಾತ್ರ ಬೇಸಗೆಯ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕುಗಳು. ನನ್ನ ಶ್ರೀಮತಿಯ ಆದೇಶ ಎರಡೇ ವಾಕ್ಯಗಳಲ್ಲಿತ್ತು: “ಅಪ್ಪನ ಕಾರು ಅಪ್ಪನ ಕಾರಿನ ಹಾಗೇ ಕಾಣ್ಬೇಕು ರೀ. ಆದ್ರೆ ಮೊಮ್ಮಗಳನ್ನ ಕೂರಿಸ್ಕೊಂಡು ಮಳೇಲಿ ಹೋದ್ರೂ ನನಗೆ ಭಯ ಆಗ್ಬಾರ್ದು.” ಈ ಎರಡು ವಾಕ್ಯಗಳ ನಡುವೆ ಎಷ್ಟು ದೂರವಿದೆ ಎಂಬುದು ತಿಳಿಯಬೇಕಾದರೆ ಗಾಲಿಯ ಚರಿತ್ರೆಯನ್ನು ಸ್ವಲ್ಪ ತಿರುವಿಹಾಕಬೇಕು.

ಟೈರು ಎಂಬ ಇಂಗ್ಲಿಷ್ ಮಾತಿಗೆ ಉಡುಗೆ ಎಂಬ ಅರ್ಥದ ಪದವೇ ಮೂಲವೆಂದು ನಿಘಂಟುಕಾರರು ಹೇಳುತ್ತಾರೆ. ಗಾಲಿಯ ಉಡುಗೆ. ಆ ಉಡುಗೆ ಮೊದಲು ರಬ್ಬರಿನದಾಗಿರಲಿಲ್ಲ, ಕಬ್ಬಿಣದ್ದು. ಅದಕ್ಕೆ ನಮ್ಮಲ್ಲಿ ಹಳಿ ಎಂದು ಹೆಸರು; ಅದೇ ಮಾತನ್ನು ಇಂದು ರೈಲಿನ ಕಂಬಿಗೂ ಬಳಸುತ್ತೇವೆ. ಹುಡುಗನಾಗಿದ್ದಾಗ ನಮ್ಮೂರಿನ ಕುಲುಮೆಯ ಮುಂದೆ ಗಾಲಿಗೆ ಹಳಿ ಕಟ್ಟುವುದನ್ನು ಎಷ್ಟೋ ಸಲ ನಿಂತು ನೋಡಿದ್ದೇನೆ. ಬಡಗಿ ಗುಂಬ, ಅರೆಗಳು, ನೇಮಿ ಎಲ್ಲವನ್ನೂ ಕೂಡಿಸಿ ಗಾಲಿಯನ್ನು ಕಮ್ಮಾರನ ಕೈಗೊಪ್ಪಿಸುತ್ತಿದ್ದ. ಕಮ್ಮಾರ ಕಬ್ಬಿಣದ ಬಳೆಯನ್ನು ಗಾಲಿಯ ಸುತ್ತಳತೆಗಿಂತ ಕೂದಲೆಳೆಯಷ್ಟು ಕಿರಿದಾಗಿಯೇ ಬೆಸೆಯುತ್ತಿದ್ದ. ಅದನ್ನು ನೆಲದ ಮೇಲೆ ಮಲಗಿಸಿ, ಸುತ್ತ ಬೆರಣಿ ಜೋಡಿಸಿ, ಕೆಂಪಗೆ ಕಾಯಿಸುವುದು. ಹಿಗ್ಗಿದ ಬಳೆಯನ್ನು ಮೂರು ನಾಲ್ಕು ಜನ ಇಕ್ಕಳಗಳಿಂದ ಎತ್ತಿ ಗಾಲಿಯ ಮೇಲೆ ಕೂರಿಸುವುದು. ಮರಕ್ಕೆ ಬೆಂಕಿ ಹತ್ತುವಷ್ಟರಲ್ಲಿ ಕೊಡಗಟ್ಟಲೆ ನೀರು ಸುರಿಯುವುದು. ಹೊಗೆ, ಉಗಿ, ಚುರ್ ಎಂಬ ಸದ್ದು. ಕಬ್ಬಿಣ ಕುಗ್ಗುವಾಗ ಸಡಿಲವಾಗಿದ್ದ ಅರೆಗಳೆಲ್ಲ ಕಿರ್ರೆಂದು ತಮ್ಮ ತಮ್ಮ ತೂತುಗಳಲ್ಲಿ ಕಚ್ಚಿಕೊಳ್ಳುತ್ತಿದ್ದವು. ಮೊಳೆ ಬಡಿಯುವುದಕ್ಕೆ ಮೊದಲೇ ಗಾಲಿ ಗಟ್ಟಿಯಾಗಿರುತ್ತಿತ್ತು. ಬಂಡಿಯ ಕಡೆಗೀಲನ್ನು ಜೇಡರ ದಾಸಿಮಯ್ಯ ವಚನಕ್ಕೆ ತಂದು ಅಮರಗೊಳಿಸಿದ. ಹಳಿಗೆ ಅಂಥ ಕವಿ ದೊರೆತನೋ ಇಲ್ಲವೋ, ಬಂಡಿಯನ್ನು ಬಂಡಿಯಾಗಿ ಹಿಡಿದಿಟ್ಟಿದ್ದು ಅದೂ ಹೌದು.

ಹಳಿ ಗಾಲಿಯನ್ನು ಉಳಿಸುತ್ತಿತ್ತು. ರಸ್ತೆಯನ್ನೂ ಎತ್ತನ್ನೂ ಉಳಿಸುತ್ತಿರಲಿಲ್ಲ. ಕಬ್ಬಿಣದ ಕಿರಿದಾದ ಅಂಚು ಜಲ್ಲಿಯನ್ನು ಪುಡಿಮಾಡುತ್ತದೆ, ಕೆಸರಿನಲ್ಲಿ ಚಾಕುವಿನಂತೆ ಇಳಿಯುತ್ತದೆ, ಕಲ್ಲಿನ ಮೇಲಿನ ಪ್ರತಿಯೊಂದು ಧಕ್ಕೆಯನ್ನೂ ನೊಗದ ಮೂಲಕ ಎತ್ತಿನ ಹೆಗಲಿಗೆ ಮುಟ್ಟಿಸುತ್ತದೆ. ಇಲ್ಲಿ ಒಂದು ಮಾತನ್ನು ನಮ್ಮ ಬಡಾವಣೆಯ ಹೆಮ್ಮೆಯಿಂದಲೇ ಹೇಳಬೇಕು. ಬಿಳೇಕಹಳ್ಳಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಿ.ವಿ. ದೋಶಿಯವರು ರೂಪಿಸಿದ, ಕಲ್ಲಿನ ಗೋಡೆಗಳ ಮೇಲೆ ಬಳ್ಳಿ ಹಬ್ಬಿದ, ಭಾರತೀಯ ಆಡಳಿತ ನಿರ್ವಹಣಾ ಸಂಸ್ಥೆ. ಅಲ್ಲಿ ಕಲಿತವರು ದೊಡ್ಡ ಕಂಪನಿಗಳನ್ನು ನಡೆಸುತ್ತಾರೆಂಬುದು ಎಲ್ಲರಿಗೂ ಗೊತ್ತು. ಆದರೆ 1970ರ ದಶಕದಲ್ಲಿ ಆ ಸಂಸ್ಥೆಯ ಸ್ಥಾಪಕ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ತಮ್ಮ ಅಧ್ಯಯನಕ್ಕೆ ಆರಿಸಿಕೊಂಡದ್ದು ಎತ್ತಿನ ಗಾಡಿಯನ್ನು. ವಿಮಾನ, ಗಣಕಯಂತ್ರಗಳ ನಗರದಲ್ಲಿ ಕುಳಿತು ಅವರು ಕೇಳಿದ್ದು, ಈ ದೇಶದ ಸಾಗಣೆಯ ಭಾರವನ್ನು ಹೊತ್ತ ಎತ್ತುಗಳ ಕಷ್ಟವನ್ನು ಇಳಿಸುವುದು ಹೇಗೆ ಎಂದು. ಹಗುರವಾದ ಗಾಡಿ, ಹೆಗಲು ಕೊರೆಯದ ನೊಗ, ಗಾಳಿ ತುಂಬಿದ ರಬ್ಬರಿನ ಗಾಲಿ ಇವು ಅವರ ಉತ್ತರದ ಭಾಗಗಳು. ನಗೆಯಾಡಿದವರೂ ಇದ್ದರು. ಮಂಡ್ಯದ ಕಡೆ ಕಬ್ಬು ಹೊತ್ತು ಸಾಗುವ ಟೈರುಗಾಡಿಯನ್ನು ಕಂಡವರು ನಗಲಾರರು. ಬಡ ರೈತನಿಗೂ ಅದೇ ಲೆಕ್ಕ ಎದುರಾಗಿತ್ತು: ಹಳಿಯ ಗಾಲಿಯನ್ನು ಊರಿನ ಬಡಗಿ, ಕಮ್ಮಾರರೇ ರಿಪೇರಿ ಮಾಡುತ್ತಾರೆ, ಟೈರಿನ ಗಾಲಿ ಸಲೀಸಾಗಿ ಓಡುತ್ತದೆ, ಆದರೆ ಪಂಚರಾದರೆ ಪೇಟೆಗೆ ಹೋಗಬೇಕು. ಟೈರು ಆರಿಸುವುದು ಶ್ರೀಮಂತರ ಹವ್ಯಾಸವೆಂದು ತಿಳಿದವರು ಈ ಗಾಡಿಯನ್ನು ನೆನೆಯಬೇಕು.

ಗಾಲಿಗೆ ಗಾಳಿ ತುಂಬಿದ ಕಥೆ ಇದಕ್ಕಿಂತ ಹಳೆಯದು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಸ್ಕಾಟ್ಲೆಂಡಿನವನು 1845ರಲ್ಲೇ ಗಾಳಿ ತುಂಬಿದ ಗಾಲಿಗೆ ಹಕ್ಕುಪತ್ರ ಪಡೆದು, ಲಂಡನ್ನಿನಲ್ಲಿ ಕುದುರೆಗಾಡಿಗೆ ಅದನ್ನು ತೊಡಿಸಿ ಓಡಿಸಿಯೂ ತೋರಿಸಿದ. ಕಾಲ ಒದಗಿರಲಿಲ್ಲ, ಜನ ಮರೆತರು. ನಾಲ್ಕು ದಶಕಗಳು ಕಳೆದ ಮೇಲೆ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡುವುದನ್ನು ನೋಡಲಾರದೆ ರಬ್ಬರಿನ ಕೊಳವೆಗೆ ಗಾಳಿ ತುಂಬಿ ಸುತ್ತಿದ. 1888ರಲ್ಲಿ ಅವನಿಗೂ ಹಕ್ಕುಪತ್ರ ದೊರೆಯಿತು. ಥಾಮ್ಸನ್ನನ ಹಳೆಯ ಪತ್ರ ಹೊರಬಿದ್ದಾಗ ಅದು ಬಿದ್ದುಹೋಯಿತು. ಹೆಸರು ಮಾತ್ರ ಡನ್‌ಲಪ್ಪನದೇ ನಿಂತಿತು. ಕೃತಿ ಒಬ್ಬನದು, ಅಂಕಿತ ಇನ್ನೊಬ್ಬನದು ಎಂಬ ಸಂಗತಿ ಸಾಹಿತ್ಯಚರಿತ್ರೆಗೆ ಮಾತ್ರ ಮೀಸಲಲ್ಲ.

ಗಾಳಿ ತುಂಬಿದ ಗಾಲಿ ನಮ್ಮ ಹಳ್ಳಿಗಳನ್ನು ಮೊದಲು ಹೊಕ್ಕದ್ದು ಕಾರಿನ ಜೊತೆಯಲ್ಲಲ್ಲ, ಸೈಕಲ್ಲಿನ ಜೊತೆಯಲ್ಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಿದವರಿಗೆ ಮಲೆನಾಡಿಗೆ ಬಂದ ಪಾದ್ರಿಯ ಬೈಸಿಕಲ್ಲು ಹಳ್ಳಿಗರ ಬಾಯಲ್ಲಿ ‘ಬೀಸೆಕಲ್ಲು’ ಆದದ್ದು ನೆನಪಿರುತ್ತದೆ. ಕಂಡರಿಯದ ಯಂತ್ರವನ್ನು ಜನ ತಮ್ಮ ಅಡುಗೆಮನೆಯ ಸುತ್ತುವ ಕಲ್ಲಿಗೆ ಹೋಲಿಸಿಕೊಂಡು ಒಳಗೆ ಬಿಟ್ಟುಕೊಂಡ ಬಗೆ ಅದು. ಮೋಟಾರು ತಂದ ಮಾತುಗಳೂ ಹಾಗೆಯೇ ಬಂದವು. ಸ್ಟೆಪ್ನಿ ಎಂಬ ಮಾತನ್ನೇ ನೋಡಿ. ವೇಲ್ಸ್ ಸೀಮೆಯ ಲನೆಲ್ಲಿ ಎಂಬ ಊರಿನಲ್ಲಿ ಸ್ಟೆಪ್ನಿ ಬೀದಿ ಎಂದೊಂದಿದೆ. 20ನೆಯ ಶತಮಾನದ ಆರಂಭದಲ್ಲಿ ಅಲ್ಲಿನ ಡೇವೀಸ್ ಸಹೋದರರು, ದಾರಿಯಲ್ಲಿ ಟೈರು ಒಡೆದರೆ ಗಾಲಿಯ ಪಕ್ಕಕ್ಕೆ ಕಚ್ಚಿಸಿಕೊಂಡು ಹೋಗಬಹುದಾದ ಅರೆಯಿಲ್ಲದ ಬಳೆಯೊಂದನ್ನು ಮಾಡಿ ಮಾರಿದರು. ಆ ಬಳೆ ಹೋಯಿತು, ಇಂಗ್ಲಿಷರೇ ಆ ಹೆಸರನ್ನು ಮರೆತರು. ನಮ್ಮ ಲಾರಿ ಚಾಲಕರ ಬಾಯಲ್ಲಿ ಅದು ಇನ್ನೂ ಬದುಕಿದೆ.

ಇನ್ನು ಕಾರಿಗೆ ಬರೋಣ. ಭಾರತದಲ್ಲಿಯೇ ಕಾರು ತಯಾರಾಗಬೇಕೆಂಬ ಕನಸಿನ ಹಿಂದೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರಿದ್ದಾರೆ. 1930ರ ದಶಕದ ನಡುವೆ ಅವರು ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. 1935ರಲ್ಲಿ ಯೂರೋಪು, ಅಮೆರಿಕಗಳ ಕಾರ್ಖಾನೆಗಳನ್ನು ನೋಡಿಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ವಾಲ್‌ಚಂದ್ ಹೀರಾಚಂದರು ಜೊತೆಗೂಡಿದರು. ಕಾರ್ಖಾನೆ ಮೈಸೂರು ಸಂಸ್ಥಾನಕ್ಕೆ ಬರುವ ಮಾತೂ ನಡೆಯಿತು. ಅಂದಿನ ಬ್ರಿಟಿಷ್ ಸರ್ಕಾರ ಒತ್ತಾಸೆ ನೀಡಲಿಲ್ಲ. ವಿಶ್ವೇಶ್ವರಯ್ಯನವರು 1951ರಲ್ಲಿ ಪ್ರಕಟಿಸಿದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿ ಈ ಪ್ರಸಂಗವನ್ನು ದಾಖಲಿಸಿದ್ದಾರೆ. ವಾಲ್‌ಚಂದರಿಂದ ಬೆಂಗಳೂರಿಗೆ 1940ರಲ್ಲಿ ಬಂದದ್ದು ವಿಮಾನ ಕಾರ್ಖಾನೆ. ಮೋಟಾರು ಕಾರ್ಖಾನೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ ಮುಂಬಯಿಯಲ್ಲಿ ನಿಂತಿತು. ಅಲ್ಲಿ ಇಟಲಿಯ ಫಿಯಟ್ 1100 ಕಾರು ಭಾರತೀಯವಾಯಿತು. ಎಂಜಿನ್ನು 1089 ಸಿ.ಸಿ.; ಮೈಭಾರ ಒಂಬತ್ತು ಕ್ವಿಂಟಾಲಿನ ಆಸುಪಾಸು. ಕೊಳ್ಳಲು ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಇಟಲಿಯವರೊಡನೆ ಒಪ್ಪಂದ ಮುಗಿದ ಮೇಲೆ, 1970ರ ದಶಕದ ಮೊದಲ ಭಾಗದಲ್ಲಿ, ಕಾರಿಗೆ ಪದ್ಮಿನಿ ಎಂಬ ಹೆಸರು ಬಂತು. ಪದ್ಮಿನಿ, ಚಿತ್ತಿನಿ, ಶಂಕಿನಿ, ಹಸ್ತಿನಿ ಎಂದು ನಾಯಿಕೆಯರನ್ನು ವಿಂಗಡಿಸಿದ ನಮ್ಮ ಪೂರ್ವಿಕರು ಈ ಹೆಸರನ್ನು ಮೆಚ್ಚುತ್ತಿದ್ದರೋ ಏನೋ. ಅಂಬಾಸಿಡರನ್ನು ಹಸ್ತಿನಿ ಎನ್ನಲು ಯಾರಿಗೂ ಅಡ್ಡಿಯಿರುತ್ತಿರಲಿಲ್ಲ.

2000ದ ಹೊತ್ತಿಗೆ ಪದ್ಮಿನಿಯ ತಯಾರಿಕೆ ಮುಗಿಯುತ್ತ ಬಂತು. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ನಿಂತಿತು. ಉಳಿದಿರುವವು ನಮ್ಮಂಥವರ ಷೆಡ್ಡುಗಳಲ್ಲಿರುವವು.

ಈ ಕಾರಿನೊಡನೆ ಬರುತ್ತಿದ್ದ ಟೈರಿನ ಅಳತೆ 5.20-14. ಹಳೆಯ ಟೈರಿನ ಪಕ್ಕೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಅಂಕಿಗಳನ್ನು ಓದುವಾಗ ನನಗೆ ವೀರಗಲ್ಲಿನ ಮೇಲಿನ ಅಕ್ಷರಗಳಿಗೆ ಸುಣ್ಣ ಬಳಿದು ಓದಿದ ದಿನಗಳು ನೆನಪಾದವು. ಟೈರಿನ ಪಕ್ಕೆಯೂ ಒಂದು ಶಾಸನವೇ. ಲಿಪಿ ಕಲಿತವನಿಗೆ ಅದು ಎಲ್ಲವನ್ನೂ ಹೇಳುತ್ತದೆ. 5.20 ಎಂದರೆ ಟೈರಿನ ಅಗಲ ಅಂಗುಲಗಳಲ್ಲಿ, ನಮ್ಮ ಇಂದಿನ ಲೆಕ್ಕದಲ್ಲಿ 132 ಮಿಲಿಮೀಟರು. 14 ಎಂದರೆ ರಿಮ್ಮಿನ ವ್ಯಾಸ, ಅದೂ ಅಂಗುಲದಲ್ಲಿ. ಎತ್ತರವನ್ನು ಬರೆಯುತ್ತಿರಲಿಲ್ಲ, ಬರೆಯಬೇಕಾಗಿಯೂ ಇರಲಿಲ್ಲ. ಆ ಕಾಲದ ಟೈರಿನ ಎತ್ತರ ಹೆಚ್ಚುಕಡಿಮೆ ಅದರ ಅಗಲದಷ್ಟೇ, ನೂರಕ್ಕೆ ತೊಂಬತ್ತೈದರಷ್ಟು, ಎಂಬುದು ಎಲ್ಲರೂ ಒಪ್ಪಿದ ಮಾತು. ಹಳೆಯ ಕಾರುಗಳ ನಿಲುವಿಗೆ ಇದೇ ಕಾರಣ. ಕಿರಿದಾದ, ಎತ್ತರದ ಟೈರು. ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿ ನಡೆಯುವ ಹೆಂಗಸಿನಂತೆ ಕಾರು ನೆಲಕ್ಕೆ ತಾಗಿಯೂ ತಾಗದಂತೆ ನಿಂತಿರುತ್ತದೆ.

ಇಂದಿನ ಶಾಸನದ ಭಾಷೆ ಬೇರೆ. 155/80 ಆರ್ 14 ಎಂದು ಬರೆದಿದ್ದರೆ, ಅಗಲ 155 ಮಿಲಿಮೀಟರು, ಎತ್ತರ ಅಗಲದ ನೂರಕ್ಕೆ 80ರಷ್ಟು, ರಿಮ್ಮು 14 ಅಂಗುಲ. ಮೀಟರು ಪದ್ಧತಿಯನ್ನು ಹುಟ್ಟುಹಾಕಿದ ಫ್ರಾನ್ಸಿನಲ್ಲಿಯೂ ರಿಮ್ಮು ಅಂಗುಲದಲ್ಲೇ ಉಳಿದಿದೆ. ಹಳಗನ್ನಡದ ಪ್ರತ್ಯಯ ಹೊಸಗನ್ನಡದ ಮಾತಿನಲ್ಲಿ ಎಲ್ಲೋ ಒಂದೆಡೆ ಅಂಟಿಕೊಂಡಿರುವಂತೆ. ನಡುವಿನ ‘ಆರ್’ ಎಂಬ ಒಂದಕ್ಷರದಲ್ಲಿ ಮಾತ್ರ ಒಂದು ಕ್ರಾಂತಿಯೇ ಅಡಗಿದೆ. ಅದು ರೇಡಿಯಲ್ಲಿನ ಗುರುತು.

ಹಳೆಯ ಟೈರಿನ ಒಳಮೈಯಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಓರೆಯಾಗಿ, ಚಾಪೆಯ ಹೆಣಿಗೆಯಂತೆ, ಹಾಯ್ದಿರುತ್ತವೆ. ನಮ್ಮ ಅಂಗಡಿಗಳಲ್ಲಿ ಇದಕ್ಕೆ ನೈಲಾನ್ ಟೈರು ಎಂದೇ ಹೆಸರು. ಪಕ್ಕೆ, ನೆತ್ತಿ ಎರಡೂ ಒಂದೇ ಹೆಣಿಗೆಯಾದ್ದರಿಂದ ಪಕ್ಕೆ ಬಾಗಿದರೆ ನೆತ್ತಿಯೂ ಸುಕ್ಕಾಗುತ್ತದೆ. ತಿರುವಿನಲ್ಲಿ ಟೈರಿನ ಒಂದಂಚು ನೆಲ ಬಿಡುತ್ತದೆ. ರಾತ್ರಿಯಿಡೀ ನಿಂತ ಕಾರಿನ ನೈಲಾನ್ ಟೈರು ನೆಲ ಮುಟ್ಟಿದ ಕಡೆ ಚಪ್ಪಟೆಯಾಗಿ, ಬೆಳಗಿನ ಮೊದಲ ಒಂದೆರಡು ಮೈಲಿ ದಡ್ ದಡ್ ಎಂದು ಲಯಬದ್ಧವಾಗಿ ಕುಟ್ಟುತ್ತದೆ. ಬಿಸಿಯಾದ ಮೇಲೆ ಸುಮ್ಮನಾಗುತ್ತದೆ. ಮಾವನವರು ಕಾರು ಹೊರಟ ಸದ್ದಿನಿಂದಲೇ ಅವರ ಮನೆಯಲ್ಲಿ ಬೆಳಗಾಗುತ್ತಿತ್ತೆಂದು ನನ್ನ ಶ್ರೀಮತಿ ಹೇಳುತ್ತಾಳೆ. ರಸ್ತೆಯಲ್ಲಿ ಉದ್ದಕ್ಕೆ ಒಂದು ಗೀರು ಇದ್ದರೆ ಸಾಕು, ಈ ಟೈರು ಅದರ ಹಿಂದೆಯೇ ಹೋಗಲು ನೋಡುತ್ತದೆ. ಒಂದು ಗುಣವನ್ನೂ ಹೇಳಬೇಕು: ಇದು ಜಾರುವಾಗ ಹೇಳಿ ಜಾರುತ್ತದೆ. ಕೀರಲು ಸದ್ದು, ಸ್ಟೀರಿಂಗಿನಲ್ಲಿ ಸಡಿಲಿಕೆ, ಆಮೇಲೆ ಜಾರಿಕೆ.

ಫ್ರಾನ್ಸಿನ ಮಿಶೆಲಿನ್ ಕಂಪನಿ 1946ರಲ್ಲಿ ಹಕ್ಕುಪತ್ರ ಪಡೆದ ರೇಡಿಯಲ್ ಟೈರಿನಲ್ಲಿ ನೂಲುಗಳು ಓರೆಯಾಗಿ ಹಾಯುವುದಿಲ್ಲ. ಗಾಲಿಯ ಅರೆಗಳಂತೆ ನೇರವಾಗಿ, ಒಂದಂಚಿನಿಂದ ಇನ್ನೊಂದಂಚಿಗೆ ಹೋಗುತ್ತವೆ. ಅವುಗಳ ಮೇಲೆ, ನೆತ್ತಿಯ ಕೆಳಗೆ, ಉಕ್ಕಿನ ಎಳೆಗಳ ನಡುಕಟ್ಟು. ನಮ್ಮ ಕಮ್ಮಾರನ ಹಳಿ ರಬ್ಬರಿನೊಳಗೆ ಮತ್ತೆ ಹುಟ್ಟಿಬಂದಿದೆ ಎನ್ನಬಹುದು. ಪಕ್ಕೆ ಎಷ್ಟು ಬಾಗಿದರೂ ನೆತ್ತಿ ನೆಲದ ಮೇಲೆ ಅಂಗೈಯಂತೆ ಹರಡಿ ನಿಲ್ಲುತ್ತದೆ. ಮಳೆಯಲ್ಲಿ ಹಿಡಿತ ಹೆಚ್ಚು, ಸವೆತ ಕಡಿಮೆ, ಉರುಳಲು ಬೇಕಾದ ಶ್ರಮವೂ ಕಡಿಮೆ. ಪಕ್ಕೆ ಉಬ್ಬಿ ಗಾಳಿ ಇಳಿದಂತೆ ಕಾಣುತ್ತಿದ್ದುದರಿಂದ ಮೊದಮೊದಲು ನಮ್ಮ ಪೆಟ್ರೋಲ್ ಬಂಕಿನ ಹುಡುಗರು ಬೇಡವೆಂದರೂ ಗಾಳಿ ತುಂಬಿಬಿಡುತ್ತಿದ್ದರು.

ಈ ವಿದ್ಯೆ ನಮ್ಮ ದೇಶಕ್ಕೆ ಬಂದದ್ದು ತಡವಾಗಿ. ಹೂಗ್ಲಿ ಜಿಲ್ಲೆಯ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ 1936ರಲ್ಲೇ ಆರಂಭವಾಗಿತ್ತು. ಮದರಾಸಿನಲ್ಲಿ 1946ರಲ್ಲಿ ಆಟದ ಬಲೂನು ಮಾಡುತ್ತಿದ್ದ ಸಣ್ಣ ಉದ್ಯಮ ಮುಂದೆ ಎಂ.ಆರ್.ಎಫ್. ಆಗಿ ಬೆಳೆಯಿತು. ಆದರೆ ರೇಡಿಯಲ್ ಟೈರು ಭಾರತದಲ್ಲಿ ತಯಾರಾದದ್ದು 1977ರಲ್ಲಿ, ಜೆ.ಕೆ. ಕಂಪನಿಯಿಂದ. ನಮ್ಮ ಮೈಸೂರಿನ ಕೆ.ಆರ್.ಎಸ್. ರಸ್ತೆಯ ವಿಕ್ರಾಂತ್ ಟೈರು ಕಾರ್ಖಾನೆಯನ್ನು ಆ ಕಾಲದವರು ಮರೆತಿರಲಾರರು. ರಾಜ್ಯ ಸರ್ಕಾರದ ಆಶ್ರಯದಲ್ಲಿ ಹುಟ್ಟಿದ ಅದು 1997ರಲ್ಲಿ ಅದೇ ಜೆ.ಕೆ. ಬಳಗಕ್ಕೆ ಸೇರಿತು. ಟೈರಿನೊಳಗೆ ಕರ್ನಾಟಕದ ಇನ್ನೊಂದು ಕಥೆಯೂ ಇದೆ. 1964ರ ಒಪ್ಪಂದದಂತೆ ಸಿಂಹಳದಿಂದ ಹಿಂದಿರುಗಿದ ತಮಿಳು ಕುಟುಂಬಗಳಲ್ಲಿ ಅನೇಕವನ್ನು ಸುಳ್ಯ, ಪುತ್ತೂರುಗಳ ಕಡೆ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ನೆಲೆಗೊಳಿಸಲಾಯಿತು. ನಸುಕಿನಲ್ಲಿ ಎದ್ದು ಮರದ ತೊಗಟೆಗೆ ಓರೆಗೀರು ಹಾಕಿ ಹಾಲು ಇಳಿಸುವ ಕೆಲಸ ಅವರದು. ಎರಡು ಸಲ ನೆಲ ಕಳೆದುಕೊಂಡವರ ಕೈಯಿಂದ ಬಂದ ರಬ್ಬರು ನಮ್ಮನ್ನು ನೆಲದ ಮೇಲೆ ಹಿಡಿದು ನಿಲ್ಲಿಸುತ್ತದೆ.

ಚರಿತ್ರೆ ಇಷ್ಟು. ಇನ್ನು ಆಯ್ಕೆ. ಮೊದಲ ಸಲಹೆ ಬಂದದ್ದು ಅಳಿಯನಿಂದ. ಉಕ್ಕಿನ ಗಾಲಿಗಳನ್ನು ತೆಗೆದು, 13 ಅಂಗುಲದ, ‘ಅಂದಿನ ಮಾದರಿಯ’ ಅಲಾಯ್ ಗಾಲಿಗಳನ್ನು ಹಾಕೋಣ ಎಂದ. ಚಿತ್ರವನ್ನೂ ತೋರಿಸಿದ: 1960ರ ದಶಕದಲ್ಲಿ ಇಂಗ್ಲೆಂಡಿನ ಓಟದ ಮಿನಿ ಕಾರುಗಳಿಗೆ ಹಾಕುತ್ತಿದ್ದ ಎಂಟು ಅರೆಗಳ ಮಿನಿಲೈಟ್ ಗಾಲಿಯ ಅನುಕರಣ. ಚೆಂದವಾಗಿಯೇ ಇತ್ತು. ಹಳೆಯದರಂತೆ ಹೊಸದನ್ನು ಮಾಡುವುದನ್ನು ಕನ್ನಡದವರು ಹೀಗಳೆಯುವಂತಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ ಹಳಗನ್ನಡದಲ್ಲಿ ‘ಶ್ರೀರಾಮಾಶ್ವಮೇಧ’ ಬರೆದು, ಅದು ಹಳೆಯ ಕವಿ ಮುದ್ದಣನದೆಂದು ಮುಂದಿಟ್ಟು ವಿದ್ವಾಂಸರನ್ನು ನಂಬಿಸಿದ. ಆದರೆ ಅದನ್ನು ನಾವು ಇಂದಿಗೂ ಓದುವುದು ಹಳಗನ್ನಡದ ವೇಷಕ್ಕಾಗಿ ಅಲ್ಲ. ಆ ವೇಷದೊಳಗೆ ಕುಳಿತು ಹರಟುವ ಮುದ್ದಣ ಮನೋರಮೆಯರಿಗಾಗಿ. ಅಳಿಯನ ಗಾಲಿಯಲ್ಲಿ ವೇಷ ಮಾತ್ರ ಇತ್ತು. ಲೆಕ್ಕ ಹಾಕಿದೆ. ಆ ಗಾಲಿಗೆ ಒಪ್ಪುವ 175/70 ಆರ್ 13 ಟೈರಿನ ಒಟ್ಟು ಎತ್ತರ ಸುಮಾರು 575 ಮಿಲಿಮೀಟರು, ಮೂಲದ 5.20-14ರದು ಸುಮಾರು 606. ಕಾರು ನೆಲಕ್ಕೆ ಒಂದೂವರೆ ಸೆಂಟಿಮೀಟರು ಕುಸಿಯುತ್ತದೆ. ಅದೇ ವೇಗಕ್ಕೆ ಎಂಜಿನ್ನು ನೂರಕ್ಕೆ ಐದರಷ್ಟು ಹೆಚ್ಚು ಸುತ್ತಬೇಕಾಗುತ್ತದೆ. ವೇಗದ ಮುಳ್ಳು 60 ತೋರಿಸುವಾಗ ಕಾರು 57ರಲ್ಲಿರುತ್ತದೆ. ಮದುವೆಮನೆಗೆ ಬಾಡಿಗೆಯ ಪೇಟ ಸುತ್ತಿಕೊಂಡು ಹೋದಂತೆ ಕಾಣುತ್ತದಪ್ಪ ಎಂದೆ. ಅಳಿಯ ನಕ್ಕು ಬಿಟ್ಟುಕೊಟ್ಟ.

ಹಾಗಾದರೆ ಉಕ್ಕಿನ ಗಾಲಿ ಉಳಿಯಲಿ, ನೈಲಾನ್ ಟೈರೇ ಬರಲಿ ಎಂಬುದು ಎರಡನೆಯ ದಾರಿ, ಶುದ್ಧಪಾಠದ ದಾರಿ. ಅದಕ್ಕಾಗಿ ಜೆ.ಸಿ. ರಸ್ತೆಯ ಟೈರು ಅಂಗಡಿಗಳನ್ನು ಒಂದೊಂದಾಗಿ ಹತ್ತಿಳಿದೆ. ಒಂದು ಅಂಗಡಿಯವರು ಅಟ್ಟದಿಂದ 5.20-14ರ ಜೊತೆಯೊಂದನ್ನು ಇಳಿಸಿ, ಧೂಳು ಒರೆಸಿ, ಹೊಸ ಮಾಲು ಎಂದರು. ಪಕ್ಕೆಯ ಶಾಸನದ ಕೊನೆಯ ಸಾಲನ್ನು ನೋಡಿದೆ. ಉದ್ದ ವೃತ್ತದೊಳಗೆ ನಾಲ್ಕು ಅಂಕಿಗಳು: 1714. 2000ದಿಂದ ಈಚಿನ ಟೈರುಗಳಲ್ಲಿ ಈ ಅಂಕಿಗಳ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2014ರ 17ನೆಯ ವಾರದಲ್ಲಿ ಹುಟ್ಟಿದ ಟೈರು ಅದು. ಒಂದು ಗಜವೂ ಓಡಿರಲಿಲ್ಲ, ಗೀರುಗಳೆಲ್ಲ ಆಳವಾಗಿದ್ದವು, ಆದರೆ ಉಗುರು ಒತ್ತಿದರೆ ಮರದ ಹಾಗಿತ್ತು. ಅಂಗಡಿಯವರಿಗೆ ಅಂಕಿ ತೋರಿಸಿ ಅರ್ಥ ಹೇಳಿದೆ. “ಓಡದಿದ್ ಟೈರಿಗೆ ವಯಸ್ಸೆಲ್ಲಿ ಸಾರ್?” ಎಂದರು ಅವರು. ಕೇಳುಗರಲ್ಲಿ ಯಾರಾದರೂ ಹಳೆಯ ಕಾರಿಗೆ ಟೈರು ಕೊಳ್ಳಹೊರಟಿದ್ದರೆ ಬೆಲೆ ಕೇಳುವ ಮೊದಲು ಆ ನಾಲ್ಕು ಅಂಕಿಗಳನ್ನು ಓದಬೇಕೆಂದು ಕೋರುತ್ತೇನೆ. ವಿರಳ ಅಳತೆಯ ಟೈರುಗಳೇ ಅಟ್ಟದಲ್ಲಿ ಹೆಚ್ಚು ಕಾಲ ಮಲಗಿರುತ್ತವೆ.

ಹೊಸದಾಗಿ ತಯಾರಾದ ನೈಲಾನ್ ಟೈರು ದೊರೆತಿದ್ದರೆ? ಆಗಲೂ ನಾನು ಅದನ್ನು ಆರಿಸುತ್ತಿರಲಿಲ್ಲ. ಆ ಟೈರು ಹುಟ್ಟಿದ ಕಾಲದ ರಸ್ತೆ ಬೇರೆ. ಮುಂದಿನ ಕಾರು ತಟ್ಟನೆ ನಿಲ್ಲುತ್ತಿರಲಿಲ್ಲ, ಏಕೆಂದರೆ ಅದಕ್ಕೂ ತಟ್ಟನೆ ನಿಲ್ಲುವ ಶಕ್ತಿಯಿರಲಿಲ್ಲ. ಇಂದು ಬನ್ನೇರುಘಟ್ಟ ರಸ್ತೆಯಲ್ಲಿ, ಮೆಟ್ರೊ ಕಂಬಗಳ ಬದಿಯಲ್ಲಿ, ನಮ್ಮ ಪದ್ಮಿನಿಯ ಮುಂದೆ ಓಡುವ ಕಾರು ಅವಳಿಗಿಂತ ಅರ್ಧ ಶತಮಾನ ಕಿರಿಯದು. ಅದು ನಿಂತ ಅಂತರದಲ್ಲಿ ಇವಳೂ ನಿಲ್ಲಬೇಕು. ಬ್ರೇಕು ಎಷ್ಟೇ ಸರಿಯಿದ್ದರೂ ಕೊನೆಗೆ ಕಾರನ್ನು ನಿಲ್ಲಿಸುವುದು ನೆಲಕ್ಕೆ ತಾಗಿದ ಅಂಗೈಯಗಲದ ನಾಲ್ಕು ರಬ್ಬರಿನ ತೇಪೆಗಳು. ಕೃತಿಯ ಪಾಠಶುದ್ಧಿಗಾಗಿ ಓದುಗನ ಪ್ರಾಣವನ್ನು ಪಣಕ್ಕಿಡುವ ಸಂಪಾದಕನನ್ನು ನಾನು ಕಂಡಿಲ್ಲ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆಂದೂ ನೋಡಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು. ಫಲಕದಲ್ಲಿ ‘ವಿಎ’ ಎಂಬ ಅಕ್ಷರಗಳು ಬರುತ್ತವೆ, ಶುಲ್ಕ 20,000 ರೂಪಾಯಿ. ಮೂಲರೂಪವೆಂದರೆ ಏನು? ಷಾಸಿ, ಮೈತಗಡು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು ಎನ್ನುತ್ತದೆ ನಿಯಮ. ಟೈರನ್ನು ಹೆಸರಿಸುವುದಿಲ್ಲ. ಆ ಕರಡನ್ನು ಬರೆದವರು ಯಾರೋ, ಉಡುಗೆ ಯಾವುದು ಮೈ ಯಾವುದು ಎಂಬ ವಿವೇಕವುಳ್ಳವರು. ಆದರೆ ಹೀಗೆ ನೋಂದಾಯಿಸಿದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಇಂಥವಕ್ಕೆ ಮಾತ್ರ. ಅಂದರೆ ಮೊಮ್ಮಗಳನ್ನು ಶಾಲೆಯಿಂದ ಕರೆತರುವಂತಿಲ್ಲ. ಮನೆಯಲ್ಲಿ ಆ ಚರ್ಚೆ ಅಲ್ಲಿಗೇ ನಿಂತಿತು.

ಉಳಿದದ್ದು ಮೂರನೆಯ ದಾರಿ: ಮೂಲದ ಗಾಲಿ, ಮೂಲದ ಎತ್ತರ, ಮೂಲದ ಕಿರಿದಾದ ಮುಖ, ಒಳಗೆ ಹೊಸ ಹೆಣಿಗೆ. ಕಾಗದ ಪೆನ್ಸಿಲು ಹಿಡಿದು ಕೂತೆ. 155ರ ನೂರಕ್ಕೆ 80 ಎಂದರೆ 124, ಮೇಲೂ ಕೆಳಗೂ ಸೇರಿ 248, ರಿಮ್ಮಿನ 14 ಅಂಗುಲಕ್ಕೆ 356 ಮಿಲಿಮೀಟರು, ಒಟ್ಟು 604. ಮೂಲದ 606ಕ್ಕೂ ಇದಕ್ಕೂ ಎರಡೇ ಮಿಲಿಮೀಟರಿನ ಅಂತರ. ಅಂಗಡಿಗಳಲ್ಲಿ ಸಲೀಸಾಗಿ ಸಿಗುವುದು ಇಂದಿನ ಕಾರುಗಳ 165/80 ಆರ್ 14; ಅದರ ಎತ್ತರ 620. ಹೆಚ್ಚಾಗುವ 14 ಮಿಲಿಮೀಟರು ದೊಡ್ಡದಲ್ಲ. ಆದರೆ ನಮ್ಮ ಹಳೆಯ ಕಿರಿದಾದ ರಿಮ್ಮಿನ ಮೇಲೆ ಅಗಲದ ಟೈರು ಹಿಂಡಿದಂತಾಗಿ ನಡುವೆ ಉಬ್ಬುತ್ತದೆ, ನಡುಭಾಗ ಬೇಗ ಸವೆಯುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಒಳಗಿನ ತಗಡಿಗೆ ತಾಗೀತೆಂಬ ಅಂಜಿಕೆ ಬೇರೆ. 155ನ್ನೇ ಹೇಳಿ ತರಿಸಿಕೊಂಡೆ. ಮೂರು ವಾರ ಹಿಡಿಯಿತು.

ಟ್ಯೂಬಿಲ್ಲದೆಯೇ ಹಾಕಿಬಿಡಿ, ಈಗೆಲ್ಲ ಹಾಗೆಯೇ ಎಂದವರಿದ್ದರು. ನಮ್ಮ ಮೆಕ್ಯಾನಿಕ್ಕು ಒಪ್ಪಲಿಲ್ಲ. ಪದ್ಮಿನಿಯ ಕಾಲದಿಂದ ಅದೇ ಕೆಲಸ ಮಾಡಿದ ಹಿರಿಯರು ಅವರು. ಇಂದಿನ ರಿಮ್ಮಿನೊಳಗೆ ಟೈರಿನ ಅಂಚು ಜಾರದಂತೆ ತಡೆಯುವ ಸಣ್ಣ ದಿಣ್ಣೆಯೊಂದಿರುತ್ತದೆ, ನಮ್ಮ ಹಳೆಯ ರಿಮ್ಮಿನಲ್ಲಿ ಅದಿಲ್ಲ. ಗಾಳಿ ಇಳಿದು ತಿರುವು ಬಂದರೆ ಟೈರು ರಿಮ್ಮನ್ನು ಬಿಟ್ಟೇ ಹೋದೀತು ಎಂದು ಬೆರಳಿಟ್ಟು ತೋರಿಸಿದರು. ಆದ್ದರಿಂದ ರೇಡಿಯಲ್ಲಿಗೆಂದೇ ಮಾಡಿದ ಟ್ಯೂಬುಗಳು ಬಂದವು. ರಿಮ್ಮಿನ ತುಕ್ಕನ್ನು ಉಜ್ಜಿ ಬಣ್ಣ ಬಳಿದದ್ದಾಯಿತು. ತುಕ್ಕಿನ ಹರಳು ಟ್ಯೂಬನ್ನು ಒಳಗಿನಿಂದಲೇ ತಿನ್ನುತ್ತದೆ. ನಾಲ್ಕಲ್ಲ, ಐದು ಟೈರು. ಹಳೆಯ ನೈಲಾನನ್ನೇ ಸ್ಟೆಪ್ನಿಯಾಗಿ ಇಟ್ಟುಕೊಂಡರೆ, ಎಂದೋ ಒಂದು ರಾತ್ರಿ ಮಳೆಯಲ್ಲಿ ಒಂದೇ ಅಚ್ಚಿನ ಒಂದು ಕಡೆ ರೇಡಿಯಲ್ಲು, ಇನ್ನೊಂದು ಕಡೆ ನೈಲಾನು ಓಡಬೇಕಾಗುತ್ತದೆ. ಅದಕ್ಕಿಂತ ಅಪಾಯದ ಜೋಡಿ ಇನ್ನೊಂದಿಲ್ಲ. ಎರಡರ ಜಾರುವ ಗಳಿಗೆ ಬೇರೆ ಬೇರೆ.

ವೀಲ್ ಕಪ್ಪುಗಳನ್ನು ಹಾಕಿ ಕಾರನ್ನು ಗೇಟಿನ ಹೊರಗೆ ನಿಲ್ಲಿಸಿದಾಗ ಶ್ರೀಮತಿ ಸುತ್ತ ಒಂದು ಬಂದು, ಪಕ್ಕೆ ಸ್ವಲ್ಪ ಉಬ್ಬಿದೆಯಲ್ಲವೆ ಎಂದಳು. ಉಬ್ಬಿದೆ. ಅದನ್ನು ಮುಚ್ಚಿಡುವ ಉಪಾಯವಿಲ್ಲ. ನಿಂತಲ್ಲಿ ತಿರುಗಿಸುವಾಗ ಸ್ಟೀರಿಂಗು ಮೊದಲಿಗಿಂತ ಭಾರ. ಅದು ಆ ಹಿಡಿತದ ಬೆಲೆ. ಬೆಳಗಿನ ದಡ್ ದಡ್ ಸದ್ದೂ ಇನ್ನಿಲ್ಲ. ಅದು ತಪ್ಪಿದ್ದು ಅವಳಿಗೆ ಒಂದಿಷ್ಟು ಬೇಸರ ತಂದಿದೆಯೆಂದು ನನಗೆ ಗೊತ್ತು, ಆದರೆ ಮಳೆ ಬಂದ ಮೊದಲ ಸಂಜೆ ಅರೆಕೆರೆಯ ಇಳಿಜಾರಿನಲ್ಲಿ ಮುಂದಿನ ಆಟೊ ಥಟ್ಟನೆ ನಿಂತಾಗ ಪದ್ಮಿನಿಯೂ ನೆಟ್ಟಗೆ, ಅಲುಗದೆ, ಒಂದು ಮಾರು ಹಿಂದೆಯೇ ನಿಂತಳು. ಹಿಂದಿನ ಸೀಟಿನಲ್ಲಿ ಮೊಮ್ಮಗಳ ನಿದ್ದೆ ಕೆಡಲಿಲ್ಲ. ಐನೂರು ಕಿಲೋಮೀಟರು ಓಡಿದ ಮೇಲೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಬೇಕೆಂದು ಮೆಕ್ಯಾನಿಕ್ಕು ಹೇಳಿದ್ದಾರೆ. ಮುನ್ನೂರಾಗಿದೆ.